ಉಸಿರಾಡುವ ಸಿಲಿಂಡರು

ಸುಧಾ, ಗಿರೀಶ, ಚಿಕ್ಕವಳು ನೀಲಾ, ಮೂವರೂ ಓದಿ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನನಗೆ ಈ ವಯಸ್ಸಿನಲ್ಲೂ ಆಗುವುದಿಲ್ಲ. ಮದುವೆ ಮನೆಯಲ್ಲಿ ಇನ್ನಷ್ಟು ಸಾರು ಬಡಿಸಿ ಎಂದು ಕೇಳಲಾರದೆ ಬರೀ ಅನ್ನ ನುಂಗಿ ಎದ್ದು ಬಂದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ, ಕಾಗದ ತಿರುಗಿ ನನ್ನ ಮುಖ ನೋಡುವುದಿಲ್ಲ. ದೆವ್ವವನ್ನು ನಂಬುತ್ತೀಯಾ ಅಜ್ಜಿ ಎಂದು ನೀವು ಆಗಾಗ ಕೆಣಕುತ್ತೀರಿ. ಇಲ್ಲ, ನಂಬುವುದಿಲ್ಲ. ಹೆದರುತ್ತೇನೆ, ಅಷ್ಟೇ. ಎರಡೂ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ನಿಮ್ಮ ಅಜ್ಜನ ಲೇತ್ ಶೆಡ್ಡಿನಲ್ಲಿ.

ಆಗ ಶಿಕಾರಿಪುರದಲ್ಲಿ ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡೇ ಶೆಡ್ಡು ಇತ್ತು. ಅವರು ಎಣ್ಣೆ ಎಂಜಿನ್ನಿನಿಂದ ಪಟ್ಟಾ ಹಾಕಿ, ಕಬ್ಬಿಣ ಕೊರೆಯುವ ಲೇತ್ ತಿರುಗಿಸುತ್ತಿದ್ದರು. ಅದು ಶುರುವಾದರೆ ಅಡಿಗೆಮನೆಯ ಗೂಡಿನಲ್ಲಿ ತಟ್ಟೆಗಳು ತಾವೇ ಮಾತಾಡಿಕೊಳ್ಳುತ್ತಿದ್ದವು. ನನಗೆ ಅದರಿಂದ ಒಂದು ಉಪಕಾರವೂ ಇತ್ತು. ಅತ್ತೆ ಬೈದದ್ದು ಕೇಳಿಸಲಿಲ್ಲ ಎನ್ನಬಹುದಾಗಿತ್ತು. ನಿಮ್ಮ ಅಜ್ಜ ಕೆಲಸ ಕಲಿತದ್ದು ಸೊರಬದ ಹಾಲಪ್ಪ ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿಗೆ ವಿಪರೀತ ಉಬ್ಬಸ. ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ, ಒಳಗಿದ್ದ ನಾನು ಯಾರೋ ಹೊಸಿಲ ಹತ್ತಿರ ಗರಗಸ ಎಳೆಯುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಒಂದು ಮರದ ಪೆಟ್ಟಿಗೆ ಕಳಿಸಿಕೊಟ್ಟರು. ಒಳಗೆ ಮೇಸ್ತ್ರಿಯ ಇನ್‌ಸೈಡ್ ಮೈಕ್ರೋಮೀಟರು.

ಅದೇನೆಂದು ಹೇಳಿಬಿಡುತ್ತೇನೆ. ತೂತಿನ ಒಳಗಿನ ಅಗಲ ಅಳೆಯುವ ಉಪಕರಣ ಅದು. ಗೀಟು ಕೊರೆದ, ತಿರುಗುವ ಒಂದು ತಲೆ; ಆ ತಲೆಗೆ ಬೇಕಾದ ಉದ್ದದ ಕಡ್ಡಿ ಸಿಕ್ಕಿಸಬೇಕು. ತೂತಿನಲ್ಲಿ ಅಡ್ಡಲಾಗಿ ಹಿಡಿದು, ಎರಡೂ ತುದಿ ಗೋಡೆಗೆ ಮೆಲ್ಲಗೆ ಸವರುವ ತನಕ ತಿರುಗಿಸಿ, ಗೀಟು ಓದಬೇಕು. ಅದು ಹೇಳುವುದು ನಿಜವೋ ಸುಳ್ಳೋ ನೋಡಲು ಜೊತೆಗೊಂದು ಉಕ್ಕಿನ ಬಳೆ ಇತ್ತು. ಬಳೆಯ ಒಳಅಳತೆ ಅದರ ಮೈಮೇಲೇ ಕೊರೆದಿರುತ್ತಿತ್ತು. ತಾಳೆಯಾಗದಿದ್ದರೆ ಕಡ್ಡಿಯ ಕೊನೆಯ ಪುಟ್ಟ ನಟ್ಟು ಸಡಿಲಿಸಿ ಸರಿಮಾಡಬೇಕು. ಅಷ್ಟು ದೊಡ್ಡ ಬಳೆ ಯಾವ ಕೈಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ನಿಮ್ಮ ಅಜ್ಜ, “ನಿಮ್ಮತ್ತೆಗೆ ಮಾತ್ರ ಹೇಳ್ಬೇಡ, ಬೇಕು ಅಂತಾಳೆ” ಅಂದಿದ್ದರು.

ಪೆಟ್ಟಿಗೆ ಬಂದ ವಾರವೇ ಸೊರಬದ ಅಕ್ಕಿ ಗಿರಣಿಯ ಈರಪ್ಪನವರು ತಮ್ಮ ಎಂಜಿನ್ನಿನ ಸಿಲಿಂಡರನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಹಾಲಪ್ಪ ಮೇಸ್ತ್ರಿ ಜೀವಮಾನವಿಡೀ ಸಾಕಿದ ಎಂಜಿನ್ನು ಅದು. ಒಳಗೆ ಸವೆದಿತ್ತು. ಕೊರೆದು ಸ್ವಲ್ಪ ದೊಡ್ಡದು ಮಾಡಿದರೆ ಹೊಸ ಪಿಸ್ಟನ್ ಕೂರುತ್ತಿತ್ತು. ಪಿಸ್ಟನ್ ಆಗಲೇ ಬಂದಾಗಿತ್ತು. ಕೂದಲೆಳೆ ಹೆಚ್ಚು ಕೊರೆದರೂ ಸಿಲಿಂಡರು ಗುಜರಿಗೆ, ಜೊತೆಗೆ ನಿಮ್ಮ ಅಜ್ಜನ ಹೆಸರೂ. ಗಿರಣಿಯ ಅಂಗಳದಲ್ಲಿ ಸುತ್ತಲ ಹಳ್ಳಿಗಳ ಭತ್ತ ಕಾಯುತ್ತಿತ್ತು.

ಕೊನೆಯ ಸುತ್ತು ಕೊರೆಯುವುದೊಂದು ಬಾಕಿ ಇದ್ದಾಗ ಅಳತೆ ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ತೂತು ಚಿಕ್ಕದು. ಅಳೆಯುತ್ತ ಅಳೆಯುತ್ತ ಹೊತ್ತೇರಿದ ಹಾಗೆ ದೊಡ್ಡದು. ಬಳೆಗೆ ಹಿಡಿದು ನಟ್ಟು ಸರಿಮಾಡಿ, ಕಳಚಿ ಪೆಟ್ಟಿಗೆಯಲ್ಲಿಟ್ಟು ಮಲಗಿದರೆ, ಮಾರನೆಯ ಬೆಳಿಗ್ಗೆ ಮತ್ತೆ ಚಿಕ್ಕದು. ಬಳೆಯಲ್ಲಿ ಸರಿಯಿದ್ದದ್ದು ಸಿಲಿಂಡರಿಗೆ ಹೋಗುವಷ್ಟರಲ್ಲಿ ಬೇರೆ. ಎರಕದ ಕಬ್ಬಿಣ ಎದೆಯ ಹಾಗೆ ಹಿಗ್ಗಿ ಕುಗ್ಗುತ್ತಿತ್ತು.

“ಉಸಿರಾಡ್ತೈತೆ ಅದು,” ಅಂದರು ಅತ್ತೆ, ಬಾಗಿಲಲ್ಲೇ ನಿಂತು. “ಸತ್ತೋರ ಸಾಮಾನು ಮನಿಗೆ ತರಬ್ಯಾಡ ಅಂದೆ. ಕೇಳಿದ್ಯಾ?”

“ಅವ್ವಾ, ಕಬ್ಬಿಣಕ್ಕೆ ಉಸಿರು ಎಲ್ಲೀದು?”

“ಹಾಲಪ್ಪಗೆ ಮಾತ್ರ ಎಲ್ಲಿತ್ತು? ಅದಕ್ಕೇ ಹುಡುಕಾಕತ್ತಾನೆ.”

ನಿಮ್ಮ ಅಜ್ಜ ನಕ್ಕರು. ಆದರೆ ಆವತ್ತು ಲೇತ್ ಶುರು ಮಾಡಲಿಲ್ಲ. ಮಾರನೆಯ ದಿನವೂ ಮಾಡಲಿಲ್ಲ. ತಮ್ಮ ಬೆರಳುಗಳನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಲೋಟವನ್ನು ಎರಡೆರಡು ಸಲ ಮುಟ್ಟಿ ಎತ್ತುತ್ತಿದ್ದರು. ದೆವ್ವಕ್ಕಿಂತ ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಕೈಯ ಮೇಲೆ ನಂಬಿಕೆ ಹೋದ ಮೇಲೆ ಆ ಮನುಷ್ಯನಿಗೆ ಶೆಡ್ಡಿನಲ್ಲಿ ಏನು ಕೆಲಸ?

ಒಂದು ಮಧ್ಯಾಹ್ನ ಊಟ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅವರು ನೀರು ಸೇದಲು ಬಾವಿಗೆ ಹೋಗಿದ್ದರು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಸಿಲಿಂಡರು ಕಪ್ಪಗೆ ಬಾಯಿ ತೆರೆದುಕೊಂಡು ನನ್ನ ಕಡೆಗೇ ತಿರುಗಿತ್ತು. ಅದರೊಳಗಿಂದ ಸಣ್ಣಗೆ, ಎಳೆದು ಎಳೆದು, ಹೂ... ಹೂ... ಎಂದು ಬರುತ್ತಿತ್ತು. ಗಾಳಿಯಿರಬೇಕು. ಆದರೆ ಹೊರಗೆ ಬೇವಿನ ಎಲೆಯೊಂದೂ ಅಲುಗುತ್ತಿರಲಿಲ್ಲ. ಗಂಡಸರ ಮುಂದೆ ಬಾಯಿ ಬಿಡದ ನಾನು, ಸತ್ತವರಾದರೂ ಮನೆಗೆ ಬಂದವರಲ್ಲವೇ ಎಂದು, ಸೆರಗು ಹೊದ್ದು, “ಕೂತ್ಕೊಳ್ರಿ, ಬರ್ತಾರೆ” ಅಂದುಬಿಟ್ಟೆ. ಸದ್ದು ನಿಂತಿತು.

ಹಿಂದಿನಿಂದ ಅವರು, “ಯಾರಿಗೇ ಕೂತ್ಕೊಳ್ರಿ ಅಂದದ್ದು?” ಅಂದರು. ನಾನು ಬಿದ್ದೇ ಹೋಗುತ್ತಿದ್ದೆ. ಮೇಜಿನ ಅಂಚು ಹಿಡಿದಾಗ ಪೆಟ್ಟಿಗೆ ಅಲುಗಿ ಒಂದು ಕಡ್ಡಿ ನನ್ನ ಸೆರಗಿಗೆ ಉರುಳಿತು. ಎತ್ತಿಕೊಡುವಾಗ ನನಗೆ ಪರಿಚಯದ ವಾಸನೆ ಬಂತು. ಕಡ್ಡಿ ತಲೆಗೆ ಹೋಗಿ ಕೂರುವ ಸಂದಿನಲ್ಲಿ ಬೆಳ್ಳಗೆ ಏನೋ ಇತ್ತು. ಇದು ಯಾರ ಕೆಲಸವೆಂದು ನನಗೆ ಹೊಳೆಯಿತು. ಗಂಡನ ಮುಂದೆ ಅತ್ತೆಯ ಹೆಸರು ಎತ್ತುವುದು ದೆವ್ವದ ಜೊತೆ ಮಾತಾಡಿದಷ್ಟು ಸುಲಭವಲ್ಲ. “ಈ ಕೂರೋ ಜಾಗ ಒಂಚೂರು ಒರೆಸಿ ನೋಡ್ರೀ,” ಎಂದಷ್ಟೇ ಹೇಳಿದೆ.

ಅವರು ಒರೆಸಿದರು. ಬಟ್ಟೆ ನೋಡಿದರು. ಮೂಸಿದರು. ಆಮೇಲೆ ಬಹಳ ಮೆತ್ತಗೆ ಕರೆದರು, “ಅವ್ವಾ.”

“ವಿಭೂತಿ ಹಚ್ಚಿದ್ರೆ ಏನಾತು?” ಅಂದರು ಹಿತ್ತಲಿಂದ ಬಂದ ಅತ್ತೆ, ಬಟ್ಟೆ ನೋಡಿದವರೇ. “ಪೆಟ್ಟಿಗಿ ಬಂದ ದಿನದಿಂದ ದಿನಾ ಬೆಳಿಗ್ಗೆ ಹಚ್ತೀನಿ. ಒಂದೂ ಬಿಡದಂಗೆ, ಸಂದಿಗೆಲ್ಲ. ಬದುಕಿದ್ದಾಗ ನಿದ್ದಿ ಇರ್ಲಿಲ್ಲ ಅವಂಗೆ, ಈಗರೆ ಮಲಗ್ಲಿ ಅಂತ. ನೀನು ಉಸಿರಾಡ್ತೈತೆ ಅಂದಂಗೆಲ್ಲ ಜಾಸ್ತಿ ಹಚ್ಚಿದೆ.”

“ನಾನೆಲ್ಲಿ ಅಂದೆ? ನೀನು ಅಂದಿದ್ದು.”

“ಯಾರರೆ ಒಬ್ರು ಅಂದ್ವಲ್ಲ.”

ಸಂದಿನಲ್ಲಿ ಬೂದಿ ಕೂತು ಕಡ್ಡಿ ಅಷ್ಟು ಮುಂದಕ್ಕೆ ನಿಲ್ಲುತ್ತಿತ್ತು, ತಲೆ ಪೂರ್ತಿ ತಿರುಗುವ ಮೊದಲೇ ಗೋಡೆ ತಾಗಿ ತೂತು ಚಿಕ್ಕದಾಗಿ ಕಾಣುತ್ತಿತ್ತು. ಅಳೆದಂತೆಲ್ಲ ಬೂದಿ ಅಮುಕಿ ಉದುರಿ ತೂತು ಬೆಳೆಯುತ್ತಿತ್ತು. ಬೆಳಗಿನ ಅಳತೆ ನಂಬಿ ಕೊರೆದಿದ್ದರೆ ತೂತು ಹೆಚ್ಚು ದೊಡ್ಡದಾಗಿ ಸಿಲಿಂಡರು ಹಾಳಾಗುತ್ತಿತ್ತು. ಅವರು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಳೆಗೆ ಹಿಡಿದು ಸರಿಮಾಡಿದರು. ನನ್ನ ಕೈಗೂ ಕೊಟ್ಟರು. “ಒತ್ತಬ್ಯಾಡ. ಮಲಗಿದ ಕೂಸಿನ ಕೆನ್ನೆ ಮುಟ್ಟಿದಂಗೆ ಮುಟ್ಟು. ಬಹಳ ಹೊತ್ತು ಹಿಡೀಬ್ಯಾಡ, ಕೈ ಬಿಸಿಗೆ ಬೆಳೀತೈತೆ.” ನನ್ನ ಅಳತೆಯೂ ಅವರ ಅಳತೆಯೂ ಒಂದೇ ಗೀಟಿಗೆ ಬಂತು. ಅವರು ಬೆರಳು ನೋಡಿಕೊಳ್ಳುವುದನ್ನು ಬಿಟ್ಟು ಲೇತ್ ಶುರು ಮಾಡಿದರು.

ಗಿರಣಿ ಶುರುವಾದ ದಿನ ನಾವೂ ಸೊರಬಕ್ಕೆ ಹೋಗಿದ್ದೆವು. ಎಂಜಿನ್ನು ಮೊದಲು ಒಮ್ಮೆ ಎಳೆದು ಉಸಿರು ತೆಗೆದುಕೊಂಡಿತು. ತಡೆಯಿತು. ಆಮೇಲೆ ಕೆಮ್ಮಿತು. ಈರಪ್ಪನವರು ಹೆಗಲ ಮೇಲಿನ ವಲ್ಲಿಯನ್ನು, ಹಿರಿಯರ ಮುಂದೆ ತೆಗೆಯುವಂತೆ, ತೆಗೆದು ಕೈಯಲ್ಲಿ ಹಿಡಿದರು. “ಮಾರಾಯ, ಪಿಸ್ಟನ್ ಹೊಸತಾದ್ರೂ ಕೆಮ್ಮು ಹಾಲಪ್ಪಂದೇ,” ಅಂದರು. ಯಾರೂ ನಗಲಿಲ್ಲ. ಆವತ್ತು ಬೇವಿನ ಎಲೆ ಅಲುಗದ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ, ಆವತ್ತೂ ಹೇಳಲಿಲ್ಲ.

ನಿಮ್ಮ ಅಜ್ಜ ಹೋದ ಮೇಲೆ ಆ ಪೆಟ್ಟಿಗೆ ನನ್ನ ಟ್ರಂಕಿನಲ್ಲಿದೆ. ನನ್ನ ಹತ್ತಿರ ಉಳಿದ ಬಳೆ ಅದರೊಳಗಿನದೊಂದೇ. ಮೊನ್ನೆ ಮಧ್ಯಾಹ್ನ ನೀವೆಲ್ಲ ಶಾಲೆಗೆ ಹೋಗಿದ್ದಾಗ ತೆಗೆದು, ಕಡ್ಡಿ ಸಿಕ್ಕಿಸಿ, ಬಳೆಯೊಳಗೆ ಹಿಡಿದೆ. ಬಿಗಿಯಾಗಿ ನಿಂತುಬಿಟ್ಟಿತು, ಆಚೆ ತುದಿಯನ್ನು ಯಾರೋ ಹಿಡಿದುಕೊಂಡ ಹಾಗೆ. ಮನೆಯಲ್ಲಿ ಯಾರೂ ಇರಲಿಲ್ಲ. ಬಹಳ ಮೆಲ್ಲಗೆ, “ರೀ,” ಅಂದೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಕಳಚಿ, ಕೂರುವ ಜಾಗ ಒರೆಸಿದೆ. ಬಟ್ಟೆಗೆ ಬೆಳ್ಳಗೆ ಬಂತು. ಈ ಮನೆಯಲ್ಲಿ ಈಗ ವಿಭೂತಿ ಹಚ್ಚುವ ಬೆರಳು ನನ್ನದೊಂದೇ. ಒರೆಸಿದ ಮೇಲೆ ಅಳತೆ ಸರಿಹೋಯಿತು, ಆಚೆ ತುದಿ ಹಿಡಿದವರು ಕೈ ಬಿಟ್ಟ ಹಾಗೆ. ಯಾಕಾದರೂ ಒರೆಸಿದೆನೋ ಎನಿಸಿತು.

ಈ ಹಾಳೆಗಳನ್ನು ಕಳೆಯಬೇಡಿ, ಮಕ್ಕಳೇ. ಆ ಪೆಟ್ಟಿಗೆಯಲ್ಲೇ ಜೋಪಾನವಾಗಿಡಿ, ಆದರೆ ಕಡ್ಡಿಗೆ ತಾಗದಂತೆ. ನಿಮ್ಮ ಅಜ್ಜನ ಲೆಕ್ಕದಲ್ಲಿ ಕಾಗದ ಬಹಳ ದಪ್ಪ.