ನಿರ್ಮಾಲ್ಯಕ್ಕೊಂದು ಜಾಗ

ಈ ದೇಶದಲ್ಲಿ ದೇವರ ಪೂಜೆ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಷ್ಟ ಶುರುವಾಗುವುದು ಪೂಜೆ ಮುಗಿದ ಮೇಲೆ. ನಿನ್ನೆಯ ಹೂವನ್ನು ಎಲ್ಲಿ ಹಾಕುವುದು? ನಾವು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ಗೆ ಬಂದು ಮೂರು ವರ್ಷವಾಯಿತು. ಯಜಮಾನರು ಔಷಧಿ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ, ಮಗಳು ಅನಘಾ ಹೈಸ್ಕೂಲಿಗೆ ಹೋಗುತ್ತಾಳೆ, ನಾನು ಮನೆಯಲ್ಲಿರುತ್ತೇನೆ. ಇಲ್ಲಿ ಏನೂ ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಕರೆಂಟು ಹೋಗುವುದಿಲ್ಲ, ಹೀಟರ್ ಕೆಟ್ಟಿದ್ದು ಒಂದೇ ಸಲ, ಅದೂ ಮೇ ತಿಂಗಳಿನಲ್ಲಿ. ದೇವರು ದೊಡ್ಡವನು. ಆದರೆ ಇಷ್ಟು ದೊಡ್ಡ ದೇಶದಲ್ಲಿ ಆ ದೊಡ್ಡವನ ತಲೆಯಿಂದ ಇಳಿಸಿದ ಒಂದು ಬೊಗಸೆ ಬಾಡಿದ ಹೂವಿಗೆ ಜಾಗವಿಲ್ಲ.

ನಿರ್ಮಾಲ್ಯವನ್ನು ತುಳಿಯಬಾರದು, ಕಸದ ಜೊತೆ ಬೆರೆಸಬಾರದು, ಗಿಡದ ಬುಡಕ್ಕೋ ಹರಿಯುವ ನೀರಿಗೋ ಸೇರಿಸಬೇಕು. ಇಷ್ಟೇ ನಾನು ಕಲಿತ ಶಾಸ್ತ್ರ. ಮೈಸೂರಿನಲ್ಲಿದ್ದಾಗ ಕಾಂಪೌಂಡಿನ ಮೂಲೆಯ ನಂದಿಬಟ್ಟಲು ಗಿಡದ ಬುಡಕ್ಕೆ ಸುರಿದು ಕೈ ತೊಳೆದುಕೊಂಡರೆ ಆಯಿತು. ಇದೊಂದು ಸಮಸ್ಯೆ ಎಂದು ತಿಳಿದದ್ದೇ ವಿಮಾನ ಹತ್ತಿದ ಮೇಲೆ. ಇಲ್ಲಿ ನಮ್ಮ ಬಾಡಿಗೆ ಮನೆಯ ಮುಂಬಾಗಿಲು ತೆರೆದರೆ ನೇರ ಫುಟ್‌ಪಾತು. ಹಿಂದಿನ ಅಂಗಳಕ್ಕೆ ಪೂರ್ತಿ ಕಲ್ಲು ಹಾಸಿದ್ದಾರೆ. ಒಂದು ಚಿಟಿಕೆ ಮಣ್ಣು ಬೇಕೆಂದರೂ ಅಂಗಡಿಯಿಂದ ಚೀಲದಲ್ಲಿ ತರಬೇಕು. ತಂದೆ, ಕುಂಡಕ್ಕೆ ತುಂಬಿದೆ, ನಿರ್ಮಾಲ್ಯ ಹಾಕಿದೆ. ಎರಡು ತಿಂಗಳಿಗೆ ಕುಂಡ ತುಂಬಿ, ಮೇಲೆ ಅಣಬೆ ಎದ್ದು, ಸುತ್ತ ನೊಣ ಹಾರತೊಡಗಿದವು.

"ಗಾರ್ಡನ್ ಬಿನ್ನಿಗೆ ಹಾಕೇ, ಅದೂ ಕೊನೆಗೆ ಗೊಬ್ಬರಾನೇ ಆಗೋದು" ಎಂದರು ಯಜಮಾನರು. ಆದರೆ ನಮ್ಮ ಬೀದಿಯ ಆ ಕಸದ ಬಿನ್ನಿಗೆ ಬರೀ ಎಲೆ, ಹುಲ್ಲು ಬೀಳುವುದಿಲ್ಲ. ಅಡುಗೆಮನೆಯ ಉಳಿಕೆಯೂ ಬೀಳುತ್ತದೆ. ಎಲ್ಲರ ಮನೆಯ ಕೋಳಿ ಮೂಳೆಯ ಜೊತೆ ನಮ್ಮ ಶ್ರೀನಿವಾಸನ ತುಳಸಿ ಒಂದೇ ಲಾರಿಯಲ್ಲಿ ಹೋಗುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋದಾಗ ಪ್ರಸಾದದ ಸಾಲಿನಲ್ಲಿ ಮುಂದೆ ನಿಂತಿದ್ದ ಧಾರವಾಡದ ಕಡೆಯ ಹೆಂಗಸೊಬ್ಬರನ್ನು ಕೇಳಿದೆ. "ಅಯ್ಯ, ನಾವಂತೂ ಬಿನ್ನಿಗೇ ಹಾಕ್ತೀವ್ರಿ. ದೇವ್ರಿಗೇನು ಗೊತ್ತಿಲ್ಲೇನು, ನಾವು ಎಲ್ಲಿ ಬಂದು ಕುಂತೇವಿ ಅಂತ?" ಎಂದು ನಕ್ಕುಬಿಟ್ಟರು. ಅವರ ದೇವರು ಅವರಷ್ಟೇ ಧಾರಾಳಿ ಇರಬೇಕು. ನನ್ನ ದೇವರು ನನ್ನ ಹಾಗೆ. ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವನು.

ಹರಿಯುವ ನೀರನ್ನೂ ನೋಡಿದೆವು. ಊರ ಪಕ್ಕದಲ್ಲೇ ಒಂದು ಕಾಲುವೆ ಇದೆ. ಭಾನುವಾರ ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿಕೊಂಡು ಯಜಮಾನರು ಕಾಗದದ ಚೀಲವನ್ನು ಮೆಲ್ಲಗೆ ನೀರಿಗೆ ಬಿಟ್ಟರು. ಇಲ್ಲಿನ ಕಾಲುವೆ ಹರಿಯುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ ಎಂಬುದು ನಮಗೆ ಹೊಳೆದದ್ದು ಆಗ. ಚೀಲವೂ ನಿಂತಿತು. ಹಿಂದಿನಿಂದ ನಡೆದು ಬಂದ ಸಭ್ಯಸ್ಥರೊಬ್ಬರು ಕೋಲಿನಿಂದ ಅದನ್ನು ದಡಕ್ಕೆ ಎಳೆದು, ನೀರು ಸೋರುತ್ತಿದ್ದಂತೆಯೇ ಯಜಮಾನರ ಕೈಗಿಟ್ಟು, "ನಿಮ್ಮದು ಏನೋ ಬಿದ್ದುಹೋಯಿತು ಅಂತ ಕಾಣುತ್ತೆ" ಎಂದರು. ಯಜಮಾನರು ಎರಡು ಸಲ ಥ್ಯಾಂಕ್ಸ್ ಹೇಳಿದರು. ಬೈದಿದ್ದರೆ ಜಗಳವಾಡಬಹುದಿತ್ತು. ಇಲ್ಲಿಯವರು ಬೈಯುವುದೂ ಇಲ್ಲ. ನಮ್ಮ ತಪ್ಪನ್ನು ನಾಜೂಕಾಗಿ ನಮ್ಮ ಕೈಗೇ ಕೊಟ್ಟು ಹೋಗುತ್ತಾರೆ, ಮನೆಗೆ ಬಂದ ಮೇಲೆ ನಾವೇ ಕೂತು ಬೈದುಕೊಳ್ಳಬೇಕು.

ಕೊನೆಗೆ ಕಣ್ಣಿಗೆ ಬಿದ್ದದ್ದು ಮರ. ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಅದು ನಿಂತಿದೆ, ಬುಡದಲ್ಲಿ ಒಂದು ಮೊರದಗಲ ಮಣ್ಣು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಹಿಂದಿನ ದಿನದ ಸೇವಂತಿಗೆಯನ್ನು ತಟ್ಟೆಯಲ್ಲಿ ಒಯ್ದು, ಅಲ್ಲಿ ಚೆಲ್ಲಾಪಿಲ್ಲಿಯಾಗದಂತೆ ಇಟ್ಟು, ಕಣ್ಣುಮುಚ್ಚಿ ಕೈಮುಗಿದು ಬರತೊಡಗಿದೆ. ಯಾರೂ ಏನೂ ಅನ್ನಲಿಲ್ಲ. ಎರಡು ವಾರ ನನ್ನಷ್ಟು ನೆಮ್ಮದಿಯಿಂದ ನಿದ್ದೆ ಮಾಡಿದವರು ಇಂಗ್ಲೆಂಡಿನಲ್ಲಿ ಇರಲಾರರು.

ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಹೂವಿನ ಪಕ್ಕದಲ್ಲಿ ಬೇರೆ ಯಾರೋ ಇಟ್ಟ ಬಿಳಿ ಹೂವು! ಜರಿಕಾಗದದಲ್ಲಿ ಸುತ್ತಿದ ಗುಚ್ಛ. ನನಗೋ ಹಿಡಿಸಲಾರದ ಖುಷಿ. "ರೀ, ನಮ್ಮವರು ಯಾರೋ ಹತ್ತಿರದಲ್ಲೇ ಮನೆ ಮಾಡಿದ್ದಾರೆ. ಅವರಿಗೂ ಪಾಪ ಇದೇ ಕಷ್ಟ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೀಬೇಕು" ಎಂದೆ. ಎರಡು ದಿನಕ್ಕೆ ಗಾಜಿನ ಬಾಟಲಿಯೊಳಗೆ ಮೇಣದಬತ್ತಿ ಬಂತು. ಇಲ್ಲಿನ ಗಾಳಿಗೆ ದೀಪ ನಿಲ್ಲುವುದಿಲ್ಲ, ಜಾಣರು, ಎಂದುಕೊಂಡೆ. ಆಮೇಲೆ ಒಂದು ಆಟದ ಕರಡಿ ಬಂತು, ಕತ್ತಿಗೆ ನೀಲಿ ರಿಬ್ಬನ್. ಅದರ ಮುಂದೆ ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ. ಕಪಿಯನ್ನು ಪೂಜಿಸುವವರು ನಾವು, ಕರಡಿ ಹೊಸದು. ಜಾಂಬವಂತನ ಭಕ್ತರು ಯಾವ ಸೀಮೆಯವರೋ ಏನೋ ಎಂದು ಯೋಚಿಸಿ, ಯಾವುದಕ್ಕೂ ಇರಲಿ ಎಂದು ಅದಕ್ಕೂ ಕೈಮುಗಿದೆ.

ಅವತ್ತು ಮಧ್ಯಾಹ್ನ ಪಕ್ಕದ ಮನೆಯ ಮೌರೀನ್ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ನಮ್ಮಿಬ್ಬರ ಮನೆಗೂ ಗೋಡೆ ಒಂದೇ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನನ್ನ ಒಗ್ಗರಣೆ ಸಿಡಿದರೆ ಅವರಿಗೆ ಕೇಳುತ್ತದೆ. ಆದರೂ ಮೂರು ವರ್ಷದಲ್ಲಿ ನಾವು ಆಡಿದ ಮಾತು ಎರಡೇ: ಇವತ್ತು ಚಳಿ, ನಾಳೆ ಕಸದ ಲಾರಿಗೆ ಯಾವ ಬಿನ್ನು. ಹೊಸದಾಗಿ ಬಂದಾಗ ಕೇಸರಿಬಾತು ಕೊಟ್ಟಿದ್ದೆ. ಡಬ್ಬಿ ಮರುದಿನ ನಮ್ಮ ಮೆಟ್ಟಿಲ ಮೇಲೆ, ಥಳಥಳ ತೊಳೆದು, ಖಾಲಿ ಕೂತಿತ್ತು. ಬೆಲ್ ಕೂಡ ಒತ್ತಿರಲಿಲ್ಲ. ಅಂಥ ಮೌರೀನ್ ಈಗ ಕೈಯಲ್ಲಿ ನಿಂಬೆಹಣ್ಣಿನ ಕೇಕಿನ ಡಬ್ಬಿ ಹಿಡಿದು ನಿಂತಿದ್ದರು, ಕಣ್ಣು ಕೆಂಪಾಗಿತ್ತು.

ಅವರು ಇಂಗ್ಲಿಷಿನಲ್ಲಿ ಅಂದದ್ದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. "ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡ್ತೀನಿ ಲವ್, ನೀನು ಆ ಮರದ ಹತ್ತಿರ ನಿಲ್ಲೋದನ್ನ. ಮಾತಾಡಿಸೋ ಧೈರ್ಯ ಬರಲಿಲ್ಲ. ತುಂಬ ಹತ್ತಿರದವರಾ?"

ಈ ಕಡೆ ಬಸ್ ಡ್ರೈವರಿನಿಂದ ಹಿಡಿದು ಎಲ್ಲರೂ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆ, ಅದರಲ್ಲಿ ಏನೂ ಇಲ್ಲ. ಮೊದಲ ಸಲ ಕರೆಸಿಕೊಂಡಾಗ ಮಾತ್ರ ನಾನು ಎರಡು ದಿನ ಯಜಮಾನರಿಗೆ ಹೇಳಿರಲಿಲ್ಲ. ಮೌರೀನ್ ದೇವರ ವಿಷಯ ಕೇಳುತ್ತಿದ್ದಾರೆಂದು ನನಗೆ ರೋಮಾಂಚನವಾಯಿತು. "ಹೌದು, ತುಂಬ ಹತ್ತಿರದವನು. ಬೆಳಿಗ್ಗೆ ಎದ್ದರೆ ಮೊದಲು ಅವನ ಜೊತೆಗೇ ಮಾತು" ಎಂದೆ. ಮೌರೀನ್ ಬಾಯಿಗೆ ಕೈ ಅಡ್ಡ ಹಿಡಿದು ಅತ್ತೇಬಿಟ್ಟರು. ಆಮೇಲೆ ನನ್ನನ್ನು ತಬ್ಬಿಕೊಂಡರು. ಎಷ್ಟು ಭಕ್ತಿ ಈ ಹೆಂಗಸಿಗೆ ಎಂದು ನನಗೂ ಕಣ್ಣು ತುಂಬಿತು. ಈ ದೇಶಕ್ಕೆ ಬಂದ ಮೇಲೆ ನಮ್ಮ ಮನೆಯವರಲ್ಲದವರು ನನ್ನನ್ನು ಮುಟ್ಟಿದ್ದು ಅದೇ ಮೊದಲು, ಡೆಂಟಿಸ್ಟನ್ನು ಬಿಟ್ಟರೆ.

ಸಂಜೆ ಅನಘಾ ಶಾಲೆಯಿಂದ ಬಂದಳು. ಕೇಕ್ ತಿನ್ನುತ್ತಾ ಕಥೆ ಕೇಳಿದಳು, ತಿನ್ನುವುದನ್ನು ನಿಲ್ಲಿಸಿದಳು. "ಅಮ್ಮಾ, ನೋ! ಓ ಮೈ ಗಾಡ್. ಆಕ್ಸಿಡೆಂಟಲ್ಲಿ ಯಾರಾದ್ರೂ ಸತ್ರೆ ಆ ಜಾಗದಲ್ಲಿ ಇಲ್ಲಿ ಹೂವಿಡ್ತಾರೆ. ದೇ ಥಿಂಕ್ ಸಮ್‌ಒನ್ ಡೈಡ್!"

ನನ್ನ ಬಾಯಿಯ ಕೇಕ್ ಮಣ್ಣಾಯಿತು. ಸುಮಂಗಲಿಯಾಗಿ ದಿನಾ ಅರಿಶಿನ ಹಚ್ಚಿಕೊಂಡು ಮಂಗಳಾರತಿ ಎತ್ತಿ, ಅದೇ ಕೈಯಲ್ಲಿ ನಾನು ಬೀದಿಗೆ ಸೂತಕ ತಂದಿದ್ದೆ. ಯಜಮಾನರು ಸೋಫಾ ಮೇಲೆ ಬಿದ್ದು ನಕ್ಕರು. ಕಣ್ಣೊರೆಸಿಕೊಂಡು, "ನಾಳೆನೇ ಹೋಗಿ ಹೇಳ್ಬಿಡು" ಎಂದರು. "ನಾಳೆ ಹೇಳ್ತೀನಿ" ಎಂದೆ. ಅದನ್ನೇ ಮೂರು ವಾರ ಅಂದೆ, ಹೂವನ್ನೂ ಆ ಮರದ ಬುಡಕ್ಕೇ ಇಡುತ್ತಾ ಹೋದೆ.

ಯಾಕೆಂದರೆ ಮರುದಿನ ಎದುರುಮನೆಯವರು ಸೂಪ್ ತಂದರು. ಅಂಚೆಯವನು ಟೋಪಿ ತೆಗೆದ. ಮೂರು ವರ್ಷದಿಂದ ನನ್ನನ್ನು ಗಾಜಿನಂತೆ ದಾಟಿ ನೋಡುತ್ತಿದ್ದ ಮೂಲೆಮನೆಯಾಕೆ ನಿಂತು, ಹೇಗಿದ್ದೀಯ ಎಂದು ಕೇಳಿ, ಉತ್ತರಕ್ಕೆ ಕಾದಳು. ಈ ದೇಶದಲ್ಲಿ ಹೇಗಿದ್ದೀಯ ಎಂದು ಎಲ್ಲರೂ ಕೇಳುತ್ತಾರೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ಮೌರೀನ್ ಮಂಗಳವಾರ ಮಂಗಳವಾರ ಟೀಗೆ ಬರತೊಡಗಿದರು. ನಮ್ಮ ಉಪ್ಪಿಟ್ಟು ತಿಂದು, ಬಿಸಿ, ಖಾರ, ಚೆನ್ನ ಎಂದರು. ತಮ್ಮ ಮಂಡಿಯ ನೋವು, ಸ್ಪೇನಿನಲ್ಲಿರುವ ತಂಗಿ, ಸತ್ತ ಬೆಕ್ಕು ಎಲ್ಲವನ್ನೂ ಹೇಳಿಕೊಂಡರು. ನಾನು ಬಾಯಿಬಿಟ್ಟು ನಗುವ ಸದ್ದು ನನಗೇ ಮರೆತುಹೋಗಿತ್ತು. ನಾನು ಬದುಕಿದ್ದೇನೆಂದು ಬಾರದವರು ಯಾರೋ ಸತ್ತರೆಂದು ಬಂದರು. ಮೂರು ವರ್ಷ ಒಳ್ಳೆಯತನದಿಂದ ನಡೆದುಕೊಂಡೆ, ಬಿನ್ನು ತಪ್ಪಿಸಲಿಲ್ಲ, ಸದ್ದು ಮಾಡಲಿಲ್ಲ; ಅದಕ್ಕೆ ಸಿಗದ ಒಂದು ಮುಗುಳ್ನಗೆ ಒಂದು ಹೆಣಕ್ಕೆ ಸಿಕ್ಕಿತು. ಅದೂ ಇಲ್ಲದ ಹೆಣಕ್ಕೆ.

ಆದರೆ ದೀಪ ಹಚ್ಚಲು ಕೂತರೆ ಶ್ರೀನಿವಾಸ ನನ್ನ ಮುಖವನ್ನೇ ನೋಡುತ್ತಿದ್ದ. ಸತ್ತವರಿಲ್ಲದೆ ಸಾವಿನೂಟ ಉಣ್ಣುತ್ತೀಯಾ ಎಂದು ಕೇಳಿದ ಹಾಗೆ. ನಾಲ್ಕನೆಯ ಮಂಗಳವಾರ ತಡೆಯಲಾಗಲಿಲ್ಲ. ಮೌರೀನ್ ಬರುವ ಮುಂಚೆ ಅವರ ಕೇಕಿನ ಡಬ್ಬಿಯನ್ನು ತೊಳೆದು, ತುಂಬ ಕೊಬ್ಬರಿ ಮಿಠಾಯಿ ತುಂಬಿಸಿಟ್ಟೆ. ನಮ್ಮಲ್ಲಿ ಖಾಲಿ ಪಾತ್ರೆ ಹಿಂದಕ್ಕೆ ಕೊಡುವುದಿಲ್ಲ. ಟೀ ಕೊಟ್ಟು, ಎದುರು ಕೂತು ಎಲ್ಲವನ್ನೂ ಹೇಳಿದೆ: ಪೂಜೆ, ನಿರ್ಮಾಲ್ಯ, ಕಲ್ಲುಹಾಸಿನ ಅಂಗಳ, ಮರ.

ಮೌರೀನ್ ಕಪ್ಪನ್ನು ಮೇಜಿನ ಮೇಲಿಟ್ಟರು. "ಹಾಗಾದರೆ ಯಾರೂ..."

"ಯಾರೂ ಇಲ್ಲ. ದೇವರ ದಯೆಯಿಂದ ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ."

ಆ ಮಾತು ಕೇಳಿ ಒಬ್ಬರ ಮುಖ ಬಾಡಿದ್ದನ್ನು ಜೀವನದಲ್ಲಿ ಅದೇ ಮೊದಲು ನೋಡಿದೆ. "ಸಂತೋಷದ ವಿಷಯ ಅಲ್ಲವಾ" ಎಂದರು, ಸಂತೋಷವಿಲ್ಲದೆ. ಮಿಠಾಯಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಎದ್ದರು. ಅವರ ಒಲೆ ಹತ್ತಿದರೆ ನನಗೆ ಗೋಡೆಯ ಈಚೆ ವಾಸನೆ ಬರುತ್ತದೆ. ಅವತ್ತು ಏನೂ ಬಂದಿರಲಿಲ್ಲ. ಮುಂದಿನ ಮಂಗಳವಾರ ಅವರಿಗೆ ಸ್ವಲ್ಪ ಕೆಲಸವಿತ್ತು, ಅದರ ಮುಂದಿನದಕ್ಕೂ. ಸುದ್ದಿ ಎದುರುಮನೆ, ಮೂಲೆಮನೆ ಮುಟ್ಟಿತು. ಯಾರೂ ಬೈಯಲಿಲ್ಲ. ಚಳಿ ಎಂದರು, ಬಿನ್ನು ಎಂದರು.

"ಸತ್ಯ ಹೇಳಿದ್ದೀಯಲ್ಲ, ಅಷ್ಟು ಸಾಕು ಬಿಡು" ಎಂದರು ಯಜಮಾನರು. ಸಾಕು, ನಿಜ. ಸುಳ್ಳಿನ ಭಾರ ಇಳಿಯಿತು. ಇನ್ನು ಮರವಾದರೂ ನನ್ನ ಪಾಲಿಗೆ ಉಳಿಯಿತು ಎಂದುಕೊಂಡು ಮರುದಿನ ಬೆಳಿಗ್ಗೆ ತಟ್ಟೆ ಹಿಡಿದು ಹೋದೆ. ಅಲ್ಲಿ ನೋಡಿದರೆ ಬುಡದ ಸುತ್ತ ಮೊಣಕಾಲೆತ್ತರದ ಪುಟ್ಟ ಬೇಲಿ. ಒಳಗೆ ಗುಚ್ಛಗಳು ಸಾಲಾಗಿ ನಿಂತಿದ್ದವು, ಕರಡಿಗೆ ಜೊತೆಯಾಗಿ ಇನ್ನೊಂದು ಕರಡಿ ಬಂದಿತ್ತು. ನಾನು ಕಂಡರಿಯದ ವಯಸ್ಸಾದ ಗಂಡಸೊಬ್ಬರು ಕೈಗವಸು ತೊಟ್ಟು, ನನ್ನ ಹಳೆಯ ಸೇವಂತಿಗೆಗಳನ್ನು ಹೆಕ್ಕಿ ಹೆಕ್ಕಿ ಚೀಲಕ್ಕೆ ತುಂಬುತ್ತಿದ್ದರು. ದೊಡ್ಡ ರಸ್ತೆಯ ಆಚೆಯವರೆಂದು ಆಮೇಲೆ ತಿಳಿಯಿತು. ನಮ್ಮ ಬೀದಿಯ ಸುದ್ದಿ ಅಲ್ಲಿಯವರೆಗೆ ಹೋಗಿರಲಿಲ್ಲ.

ನನ್ನ ತಟ್ಟೆ ನೋಡಿ ಅವರು ನೆಟ್ಟಗಾದರು. "ತಪ್ಪು ತಿಳಿಯಬೇಡಿ. ಯಾರೋ ದಿನಾ ಈ ಬಾಡಿದ ಕಸ ತಂದು ಸುರಿಯುತ್ತಿದ್ದಾರೆ. ಇದು ಗೌರವದ ಜಾಗ. ಒಂದು ಜೀವ ಹೋಗಿದೆ ಇಲ್ಲಿ."

"ಯಾರದು?" ಎಂದು ಕೇಳಿದೆ.

ಅವರು ತಿರುವಿನ ಕಡೆ ನೋಡಿದರು. "ಹೆಸರು ನನಗೆ ಗೊತ್ತಿಲ್ಲ. ಪಾಪ, ಚಿಕ್ಕ ವಯಸ್ಸು ಅಂತ ಹೇಳುತ್ತಾರೆ."

ನಗಬೇಕಿತ್ತು. ಇಲ್ಲವೇ ಆ ಚೀಲವನ್ನು ಅವರ ಕೈಯಿಂದ ಕಸಿದುಕೊಂಡು, ಇದು ಕಸವಲ್ಲ, ದೇವರ ಮುಡಿಯಿಂದ ಬಂದದ್ದು, ಮಿಕ್ಕಿದ್ದೆಲ್ಲ ಸುಳ್ಳು ಎನ್ನಬೇಕಿತ್ತು. ಒಂದು ಸಲ ಹೇಳಿ ಅಭ್ಯಾಸವಾದ ಸತ್ಯ ತಾನೇ. ಆದರೆ ಬಾಯಿಂದ ಬಂದದ್ದು 'ಸಾರಿ'. ತಟ್ಟೆಯನ್ನು ಕೋಟಿನ ಒಳಗೆ ಸೇರಿಸಿಕೊಂಡೆ. ಕಣ್ಣಲ್ಲಿ ನೀರು ಬಂತು, ತಡೆಯಲಾಗಲಿಲ್ಲ. ಅದನ್ನು ನೋಡಿದ್ದೇ ಆ ಮನುಷ್ಯನ ಮುಖ ಪೂರ್ತಿ ಕರಗಿತು. ಕೈಗವಸು ಕಳಚಿ ನನ್ನ ಹತ್ತಿರ ಬಂದರು. "ಅಯ್ಯೋ, ಕ್ಷಮಿಸು ಲವ್. ನಿನಗೆ ಗೊತ್ತಿದ್ದವರಾ?"

ಎಷ್ಟೋ ದಿನಗಳಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಹ್ಞೂಂ, ಸ್ವಲ್ಪ ಪರಿಚಯ" ಎಂದೆ. ಅವರು ನಮ್ಮ ಮನೆಯ ಬಾಗಿಲಿನವರೆಗೂ ನನ್ನ ಜೊತೆ ನಡೆದು ಬಂದರು.