ಗುಂಡಿಯ ಕೋಟು

ಎಲ್ಲದಕ್ಕೂ ಕಾರಣ ಒಂದು ಮೀಟರಿಗೆ ನಾಲ್ಕು ಬೆರಳು ಕಡಿಮೆಯಿದ್ದ ಬಟ್ಟೆ.

ಹೆಡ್‌ಮಾಸ್ಟರು ಕೋಟು ಹೊಲಿಯಲು ಕೊಟ್ಟಿದ್ದ ಉಣ್ಣೆ ಬಟ್ಟೆಯಲ್ಲಿ ಅಷ್ಟು ಉಳಿದಿತ್ತು. ಕಂದು ಚೌಕಳಿ, ನಡುವೆ ತೆಳ್ಳನೆಯ ಹಸಿರು ಗೆರೆ. ಉಳಿದ ಬಟ್ಟೆಯನ್ನು ಗಿರಾಕಿಗೆ ವಾಪಸು ಕೊಡುವ ಟೈಲರ್ ಇದುವರೆಗೆ ಹುಟ್ಟಿಲ್ಲ. ಹುಟ್ಟಿದ್ದರೆ ಬೇರೆ ಕಸುಬು ಹಿಡಿದಿರಬೇಕು. ನಮ್ಮ ಟೈಲರಂತೂ ಇಪ್ಪತ್ತೆರಡು ವರ್ಷಗಳಿಂದ ಎಲ್ಲ ಗಿರಾಕಿಗಳಿಗೂ ಒಂದೇ ಮಾತು ಹೇಳುತ್ತ ಬಂದಿದ್ದ: “ಸರಿಯಾಗಿ ಆಯ್ತು, ಒಂದು ಚೂರೂ ಉಳೀಲಿಲ್ಲ.” ಗಿರಾಕಿ ಪೂರ್ತಿ ಕೇಳುವ ಮೊದಲೇ ಈ ಮಾತು ಅವನ ಬಾಯಿಂದ ಸೀನಿನ ಹಾಗೆ ಹಾರಿ ಬೀಳುತ್ತಿತ್ತು.

ಆ ಬಟ್ಟೆಯಲ್ಲಿ ಅವನು ನಾಯಿಗೆ ಕೋಟು ಹೊಲಿದ.

ನಾಯಿಯ ಹೆಸರು ಗುಂಡಿ. ಮರಿಯಾಗಿದ್ದಾಗ ಅಂಗಿಯ ಗುಂಡಿಗಳ ಡಬ್ಬ ಬೀಳಿಸಿ ಹನ್ನೊಂದು ಗುಂಡಿ ನುಂಗಿತ್ತು. ಆ ಹೆಸರು ಅಲ್ಲಿಂದ ಬಂದದ್ದು. ಚಳಿಗಾಲ ಬಂತೆಂದರೆ ಅದು ಹೊಲಿಗೆ ಯಂತ್ರದ ಕೆಳಗೆ, ಟೈಲರನ ಎಡಗಾಲಿನ ಮೇಲೆ ಹೊಟ್ಟೆಯಿಟ್ಟು ಮಲಗುತ್ತಿತ್ತು. ಅವನು ಬಲಗಾಲೊಂದರಲ್ಲೇ ಪೆಡಲ್ ತುಳಿಯುತ್ತಿದ್ದ. ಹೊಲಿಗೆ ನಿಧಾನವಾದರೂ ಸರಿ, ಪಾದದ ಮೇಲಿನ ಆ ಬಿಸಿಯನ್ನು ಬಿಟ್ಟುಕೊಡಲಾರ. ಬೆಳಿಗ್ಗೆ ಮಂಜು ಹರಿದು ಅಂಗಡಿಯ ಮೆಟ್ಟಿಲ ಮೇಲೆ ನಾಲ್ಕು ಗೇಣು ಬಿಸಿಲು ಬಿದ್ದರೆ ಇಬ್ಬರೂ ಹೋಗಿ ಕೂರುತ್ತಿದ್ದರು. ಎರಡು ಗೇಣು ಇವನಿಗೆ, ಎರಡು ಅದಕ್ಕೆ. ಬನ್ನಿನಲ್ಲೂ ಅದೇ ಲೆಕ್ಕ.

ಕೋಟು ಚೆನ್ನಾಗಿ ಬಂದಿತ್ತು. ಒಳಗೆ ಲೈನಿಂಗ್, ಕುತ್ತಿಗೆಗೆ ಕಾಲರ್, ಹೊಟ್ಟೆಯಡಿ ನಾಲ್ಕು ಗುಂಡಿ, ಗುಂಡಿ ತೂರಿಸಲು ಕೈಯಲ್ಲೇ ಹಾಕಿದ ಕಾಜಾ.

“ನನ್ನ ಕೋಟಿನ ಬಟ್ಟೆ ಕತ್ತರಿಸಿಟ್ಟು ಮೂರು ಚಳಿಗಾಲ ಆಯ್ತು,” ಎಂದಳು ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿ. “ನಾನೂ ನಾಲ್ಕು ಕಾಲಲ್ಲಿ ನಡೆದಿದ್ರೆ ಹೊಲೀತಿದ್ರೇನೋ.”

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ಹೊಸ ಕೋಟು ಹಾಕಿಕೊಂಡೇ ಅಂಗಡಿಗೆ ಬಂದರು. ಯಂತ್ರದ ಕೆಳಗೆ ಅದೇ ಚೌಕಳಿಯಲ್ಲಿ ಗುಂಡಿ ಮಲಗಿತ್ತು. ಟೈಲರ್ ಕೈಗೆ ಸಿಕ್ಕಿದ ಪ್ಯಾಂಟನ್ನು ಅದರ ಮೇಲೆ ಎಸೆದ. ಬಾಲವೊಂದು ಪ್ಯಾಂಟಿನ ಕಾಲಿನಿಂದ ಹೊರಗೆ ಬಂದು ನೆಲಕ್ಕೆ ಬಡಿಯತೊಡಗಿತು. ಅದರ ಮೇಲೆ ಇವನು ಮೆಲ್ಲಗೆ ಕಾಲಿಟ್ಟ.

“ಕೋಟು ಚೆನ್ನಾಗಿದೆ ಕಣ್ರೀ ಟೈಲರ್. ಅಂದ ಹಾಗೆ, ಆ ಬಟ್ಟೇಲಿ ಸ್ವಲ್ಪ ಏನಾದ್ರೂ...”

“ಸರಿಯಾಗಿ ಆಯ್ತು ಸಾರ್, ಒಂದು ಚೂರೂ ಉಳೀಲಿಲ್ಲ.”

“ಹೌದಾ?” ಹೆಡ್‌ಮಾಸ್ಟರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. “ಇರ್ಲಿ. ಸಂಜೆ ಐದಕ್ಕೆ ಮತ್ತೆ ಬರ್ತೀನಿ. ಶಾಲಾ ಸಮಿತಿ ಅಧ್ಯಕ್ಷೆ ಅಮ್ಮನೂ ಬರ್ತಾರೆ. ಯೂನಿಫಾರಂ ವಿಷಯ ಮಾತಾಡಿ ಮುಗಿಸೋಣ.”

ನಾನೂರು ಮಕ್ಕಳ ಯೂನಿಫಾರಂ! ಪಕ್ಕದ ಬೀದಿಯಲ್ಲಿ ಸಿದ್ಧ ಉಡುಪಿನ ಅಂಗಡಿ ಬಂದಮೇಲೆ ಟೈಲರನ ಪಾಲಿಗೆ ಉಳಿದದ್ದು ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು ಇಷ್ಟೇ. ಈ ಕೆಲಸ ಸಿಕ್ಕಿದರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಯಂತ್ರಕ್ಕೆ ಮುಸುಕು ಹಾಕಿ, ಆ ಸಿದ್ಧ ಉಡುಪಿನ ಅಂಗಡಿಯಲ್ಲೇ ಹೋಗಿ ಅಂಗಿ ಮಡಿಚಬೇಕು.

ಹೆಡ್‌ಮಾಸ್ಟರ ಬೆನ್ನು ಮರೆಯಾದದ್ದೇ ಅವನು ನೆಲದ ಮೇಲೆ ಮೊಣಕಾಲೂರಿ ನಾಯಿಯ ಹೊಟ್ಟೆಯಡಿ ಕೈ ಹಾಕಿದ. ಗುಂಡಿ ಗುರ್ ಎಂದಿತು. ಹುಟ್ಟಿದಂದಿನಿಂದ ಅವನ ಮೇಲೆ ಗುರುಗುಟ್ಟದ ನಾಯಿ! ಕೋಟಿನ ಸುಖ ಕಂಡ ಮೇಲೆ ಅದಕ್ಕೆ ಯಜಮಾನನ ಗುರುತೂ ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಶಾಲೆಯ ಬಿಡುವಿನ ಗಂಟೆ ಹೊಡೆಯಿತು. ಬಿಡುವೆಂದರೆ ಮಕ್ಕಳು, ಮಕ್ಕಳೆಂದರೆ ಬಿಸ್ಕತ್ತು. ಗುಂಡಿ ಅವನ ಕಂಕುಳಡಿಯಿಂದ ನುಸುಳಿ ಬೀದಿಗೆ ಹಾರಿತು.

“ಗುಂಡಿ! ಏ ಗುಂಡಿ! ಗುಂಡೀ!”

ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವನು ಗಕ್ಕನೆ ಬ್ರೇಕ್ ಹಿಡಿದ. “ಎಲ್ಲಿ? ಎಲ್ಲಿದೆ ಗುಂಡಿ?” ಎನ್ನುತ್ತ ರಸ್ತೆಯ ಎಡಕ್ಕೂ ಬಲಕ್ಕೂ ಹುಡುಕಿ, ಇಲ್ಲದ ಗುಂಡಿಯನ್ನು ತಪ್ಪಿಸಲು ಹೋಗಿ, ಇದ್ದ ಚರಂಡಿಗೆ ಕ್ಯಾನುಗಳ ಸಮೇತ ಇಳಿದ.

“ಗುಂಡಿ ಅಂತ ಹೆದರಿಸಿ ಚರಂಡಿಗೆ ತಳ್ತೀಯೇನೋ!”

ಟೈಲರ್ ನಿಲ್ಲಲಿಲ್ಲ. ಕುತ್ತಿಗೆಯ ಟೇಪು ಹಿಂದಕ್ಕೆ ಹಾರುತ್ತಿತ್ತು. ಅಷ್ಟು ಚಳಿಯಲ್ಲೂ ಬೆನ್ನು ಬೆವರಿತ್ತು.

ಶಾಲೆಯ ಗೇಟಿನಲ್ಲಿ ಅವನ ಓಟ ತಾನಾಗಿ ನಿಂತಿತು. ಮೆಟ್ಟಿಲ ಮೇಲೆ ಬಿಸಿಲಿಗೆ ಮುಖವೊಡ್ಡಿ ಹೆಡ್‌ಮಾಸ್ಟರು ನಿಂತಿದ್ದರು. ಅವರ ಹಿಂದೆ, ಒಂದು ಮೆಟ್ಟಿಲು ಮೇಲೆ, ಅದೇ ಬಿಸಿಲಿಗೆ ಮುಖವೊಡ್ಡಿ ಗುಂಡಿ ಕೂತಿತ್ತು. ಅದೇ ಚೌಕಳಿ, ಅದೇ ಹಸಿರು ಗೆರೆ. ತಂದೆ ಮಗ ಫೋಟೋ ತೆಗೆಸಿಕೊಳ್ಳಲು ನಿಂತ ಹಾಗಿತ್ತು. ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಮುಸಿಮುಸಿ ನಗುತ್ತಿದ್ದರು.

ಹೆಡ್‌ಮಾಸ್ಟರು ಇನ್ನೂ ಹಿಂದೆ ತಿರುಗಿರಲಿಲ್ಲ.

“ಗುಂಡಿ...” ಎಂದು ಏದುಸಿರು ಬಿಡುತ್ತ ಟೈಲರ್ ಅವರ ಮುಂದೆ ನಿಂತ. “ಸಾರ್... ಗುಂಡಿ...”

ಹೆಡ್‌ಮಾಸ್ಟರು ತಲೆ ತಗ್ಗಿಸಿ ತಮ್ಮ ಎದೆ ನೋಡಿಕೊಂಡರು. “ಎಲ್ಲಾ ಇದಾವಲ್ರೀ?”

ದೇವರು ಕೊಟ್ಟ ದಾರಿ. “ಎರಡನೇದು ಸಡಿಲ ಇದೆ ಸಾರ್. ಅದೇ ಯೋಚನೇಲಿ ನಂಗೆ ನಿದ್ದೆನೇ ಬರ್ಲಿಲ್ಲ. ಹಾಗೇ ನಿಂತ್ಕೊಳ್ಳಿ, ತಿರುಗಬೇಡಿ.”

ಕಲ್ಲಿನಂತೆ ಭದ್ರವಾಗಿದ್ದ ಗುಂಡಿಯನ್ನು ಅವನು ಹಲ್ಲಿನಿಂದ ಕಡಿದು ಕಿತ್ತ. ಕಾಲರಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಮತ್ತೆ ಹೊಲಿಯತೊಡಗಿದ. ಹೊಲಿಯುತ್ತಲೇ ಹೆಡ್‌ಮಾಸ್ಟರ ಭುಜದ ಮೇಲಿಂದ ನಾಯಿಗೆ ಕಣ್ಣು ಬಿಟ್ಟ: ಹೋಗು, ಹೋಗು! ಗುಂಡಿಗೆ ಅದು ಮುದ್ದಿನ ಹಾಗೆ ಕಂಡಿತು. ಬಾಲ ಆಡಿಸುತ್ತ ಒಂದು ಮೆಟ್ಟಿಲು ಕೆಳಗಿಳಿದು, ಹೆಡ್‌ಮಾಸ್ಟರ ಕಾಲಿಗೆ ಒರಗುವಷ್ಟು ಹತ್ತಿರ ಬಂದು ಕೂತಿತು.

“ಏನದು ನಗು?” ಎಂದು ಹೆಡ್‌ಮಾಸ್ಟರು ಮಕ್ಕಳ ಕಡೆ ಗದರಿದರು.

“ಚಳಿಗೆ ಹಲ್ಲು ಕಡೀತಿದಾರೆ ಸಾರ್. ಅಲ್ಲಾಡಬೇಡಿ, ಸೂಜಿ ಚುಚ್ಚುತ್ತೆ.”

ಗಂಟೆ ಹೊಡೆಯಿತು. ಮಕ್ಕಳು ತರಗತಿಗಳಿಗೆ ಓಡಿದರು. ಬಿಸ್ಕತ್ತಿನ ಆಸೆ ಮುಗಿದ ಗುಂಡಿ ಗೇಟಿನ ಕಡೆ ನಡೆಯಿತು. ಟೈಲರ್ ಗಂಟು ಹಾಕಿ ದಾರ ಕಡಿದು, ಕೈ ಮುಗಿದು ಅದರ ಹಿಂದೆಯೇ ಓಡಿದ.

ಅಂಗಡಿಗೆ ಬಂದರೆ ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಬಿಟ್ಟಿತ್ತು. ಪಕ್ಕದ ಸಲೂನಿನವನು ಅರ್ಧ ಕ್ಷೌರ ಮಾಡಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. ಎದುರಿನ ಇಸ್ತ್ರಿ ಮುದುಕ ಕೆಂಡದ ಒಲೆಯ ಮುಂದೆ ಕೈ ಕಾಯಿಸುತ್ತ ಕೂತಿದ್ದ. ಆ ಒಲೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಮಾಡುವುದಕ್ಕೆ. ಆದರೆ ಚಳಿಗಾಲದಲ್ಲಿ ಬೀದಿಯ ಕೆಲಸಗೇಡಿಗಳೆಲ್ಲ ಅದರ ಸುತ್ತಲೇ.

“ಟೈಲರಣ್ಣ, ನಾನೊಂದು ಹೇಳ್ಲಾ? ಕೋಟಿಗೆ ಕಪ್ಪು ಬಣ್ಣ ಬಳಿದುಬಿಡೋಣ. ನನ್ ಹತ್ರ ಕೂದಲಿಂದು ಎರಡು ಪೊಟ್ಟಣ ಇದೆ,” ಎಂದ ಸಲೂನಿನವನು.

“ಬಣ್ಣ ಬಳಿದ್ರೆ ಚೌಕಳಿ ಹೋಗುತ್ತೇನೋ ದಡ್ಡ?” ಎಂದ ಮುದುಕ. “ಬಿಚ್ಚಿ ಮುಚ್ಚಿಡಯ್ಯಾ. ಅಷ್ಟಕ್ಕೆಲ್ಲಾ ಏನು ರಾಮಾಯಣ?”

ಸಲೂನಿನವನು ಬನ್ನು ಹಿಡಿದು ಮುಂದೆ ಕೂತ. ಮುದುಕ ರಸ್ತೆ ದಾಟಿ ಬಂದು ನಾಯಿಯ ಕಿವಿ ಸವರಿದ. ಟೈಲರ್ ಹೊಟ್ಟೆಯಡಿ ಒಂದೊಂದೇ ಗುಂಡಿ ಬಿಚ್ಚಿದ. ಕೋಟು ಬಂತು. ಅದರ ಜೊತೆ ಸಲೂನಿನವನ ಅಂಗಿತೋಳಿನ ಅರ್ಧ ನಾಯಿಯ ಬಾಯಿಗೆ ಹೋಯಿತು.

ಕೋಟನ್ನು ಟ್ರಂಕಿನಲ್ಲಿಟ್ಟರು. ಗುಂಡಿ ಮೂಗಿನಿಂದ ಮುಚ್ಚಳ ಎತ್ತಿ ಹೊರಗೆಳೆಯಿತು. ಬೀರುವಿನ ಮೇಲಿಟ್ಟರು. ಕುರ್ಚಿ ಹತ್ತಿ, ಇಸ್ತ್ರಿಯಾದ ಹತ್ತು ಅಂಗಿಗಳ ಸಮೇತ ಬೀಳಿಸಿತು. ಹೆಂಡತಿಯ ಕೈಗೆ ಕೊಟ್ಟರೆ, “ನಾಯಿ ಕೋಟು ಕಾಯೋ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಗಡಿಯಾರ ನಾಲ್ಕೂವರೆ ದಾಟಿತ್ತು. ಟೈಲರ್ ಕೋಟನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ.

“ಅವರು ಬಂದು ಕೂತಾಗಲೇ ಇದು ಎಲ್ಲಿಂದಾದ್ರೂ ಎಳ್ಕೊಂಡು ಬರುತ್ತೆ ಕಣಯ್ಯಾ,” ಎಂದ ಮುದುಕ. “ಒಂದೇ ದಾರಿ. ಕೊಡಿಲ್ಲಿ.”

ಟೈಲರ್ ಕೊಡಲಿಲ್ಲ. ಎರಡು ಸಂಜೆ ಕೂತು ಹಾಕಿದ ಕಾಜಾಗಳ ಮೇಲೆ ಬೆರಳಾಡಿಸುತ್ತ ನಿಂತ. ಮುದುಕ ಅವನ ಕೈಯಿಂದ ಕಿತ್ತು ಎದುರಿಗೆ ಒಯ್ದು ಕೆಂಡಕ್ಕೆ ಹಾಕಿಯೇಬಿಟ್ಟ. ಉಣ್ಣೆ ಚುರುಚುರು ಎಂದು ಸುರುಟಿತು. ಗುಂಡಿ ಸ್ವಲ್ಪ ದೂರದಲ್ಲಿ ಕೂತು ಹೊಗೆಯನ್ನು ನೋಡಿತು. ಆಮೇಲೆ ಟೈಲರನನ್ನು ನೋಡಿತು. ಅವನು ಬೇರೆ ಕಡೆ ತಿರುಗಿಕೊಂಡ.

ಐದಕ್ಕೆ ಸರಿಯಾಗಿ ಹೆಡ್‌ಮಾಸ್ಟರು ಬಂದರು. ಜೊತೆಗೆ ಸಮಿತಿಯ ಅಧ್ಯಕ್ಷೆ, ಗಟ್ಟಿ ದನಿಯ ಹಿರಿಯ ಹೆಂಗಸು. ಅವರ ಶಾಲಿನೊಳಗೆ ಏನೋ ಅಲುಗಾಡುತ್ತಿತ್ತು. ಶಾಲು ಸರಿಸಿದರೆ, ಬೋಳು ಮೈಯ ಪುಟ್ಟ ನಾಯಿಯೊಂದು ಗಡಗಡ ನಡುಗುತ್ತಿತ್ತು.

“ಏನೋ ಕೂದಲು ಸುಟ್ಟ ವಾಸನೆ?” ಎಂದು ಅಧ್ಯಕ್ಷೆ ಮೂಗು ಮುಚ್ಚಿಕೊಂಡರು.

“ನಮ್ಮ ಸಲೂನಿಂದು ಅಮ್ಮಾ,” ಎಂದ ಸಲೂನಿನವನು ಹರಿದ ತೋಳನ್ನು ಬೆನ್ನ ಹಿಂದೆ ಅಡಗಿಸಿ.

ಹೆಡ್‌ಮಾಸ್ಟರು ಸ್ಟೂಲಿನ ಮೇಲೆ ಕೂತರು. “ಟೈಲರ್, ನೇರವಾಗಿ ಮಾತಾಡೋಣ. ಅಮ್ಮ ನಿನ್ನೆ ಸಂಜೆ ನಿಮ್ಮ ನಾಯೀನ ಕೋಟಿನಲ್ಲಿ ನೋಡಿದ್ರು. ತಮ್ಮ ನಾಯಿಗೂ ಅಂಥದೇ ಬೇಕಂತೆ. ಅದಕ್ಕೇ ಬೆಳಿಗ್ಗೆ ಬಟ್ಟೆ ಉಳಿದಿದೆಯಾ ಅಂತ ಕೇಳಿದ್ದು. ನೀವು ಇಲ್ಲ ಅಂದ್ರಿ. ಆಮೇಲೆ ಶಾಲೇಲಿ ನನ್ನ ಗುಂಡಿ ಕಿತ್ತು ಹೊಲಿದ್ರಿ. ಆಗ ನಿಮ್ಮ ಗುಂಡಿ ನನ್ನ ಹಿಂದೇನೇ ಕೂತಿತ್ತು. ಎದುರಿನ ತರಗತಿ ಕಿಟಕಿ ಗಾಜಿನಲ್ಲಿ ಎಲ್ಲಾ ಕಾಣ್ತಿತ್ತು ಕಣ್ರೀ.”

ಟೈಲರ್ ಎದ್ದು ಕೈ ಮುಗಿದ.

“ಹೆದರಬೇಡಿ. ನಮ್ಮಪ್ಪನೂ ಟೈಲರೇ. ಚಿಕ್ಕವನಿದ್ದಾಗ ನಾನು ಹಾಕಿದ ಚಡ್ಡಿಗಳೆಲ್ಲ ಊರವರ ಪ್ಯಾಂಟಿನ ಬಟ್ಟೇನೇ. ಒಂದು ಕಾಲು ಡಾಕ್ಟರದ್ದು, ಇನ್ನೊಂದು ಪೋಸ್ಟ್‌ಮಾಸ್ಟರದ್ದು.” ಹೆಡ್‌ಮಾಸ್ಟರು ನಕ್ಕರು. “ನಿಜ ಹೇಳ್ಬೇಕಂದ್ರೆ ನನ್ನ ಕೋಟಿಗಿಂತ ನಾಯಿ ಕೋಟೇ ಚೆನ್ನಾಗಿ ಕೂತಿದೆ. ನನ್ನ ಕಂಕುಳಲ್ಲಿ ನೋಡಿ, ಎಳೆಯುತ್ತೆ. ಅದಕ್ಕೆ ಒಂದು ಸುಕ್ಕಿಲ್ಲ.”

“ಅದನ್ನೇ ನಾಳೆ ಸಮಿತಿಗೆ ತೋರಿಸ್ತೀನಿ,” ಎಂದರು ಅಧ್ಯಕ್ಷೆ. “ನಾಯಿಗೇ ಇಷ್ಟು ಶ್ರದ್ಧೆಯಿಂದ ಹೊಲಿಯೋನು ಮಕ್ಕಳಿಗೆ ಹೇಗೆ ಹೊಲೀತಾನೆ ನೋಡಿ ಅಂತ. ತನ್ನಿ ಆ ಕೋಟು. ಉಳಿದ ಚೂರಿದ್ರೆ ಅದನ್ನೂ ತನ್ನಿ, ನಮ್ಮ ಈ ಪುಟ್ಟಿಗಾಗುತ್ತೆ.”

ಟೈಲರ್ ಬಾಯಿ ತೆರೆದ. ಏನೇನೋ ಹೇಳಬೇಕೆಂದುಕೊಂಡ. ಇಪ್ಪತ್ತೆರಡು ವರ್ಷದ ಅಭ್ಯಾಸ, ಹೊರಗೆ ಬಂದದ್ದು ಒಂದೇ:

“ಒಂದು ಚೂರೂ ಉಳೀಲಿಲ್ಲ ಅಮ್ಮಾ.”

ಅಷ್ಟು ವರ್ಷಗಳಲ್ಲಿ ಆ ಮಾತು ನಿಜವಾದದ್ದು ಅದೇ ಮೊದಲು. ಯಾರಾದರೂ ಎದುರಿಗೇ ಅದನ್ನು ಸುಳ್ಳೆಂದದ್ದೂ ಅದೇ ಮೊದಲು.

“ನೋಡಿದ್ರಾ ಮೇಷ್ಟ್ರೇ,” ಎಂದು ಅಧ್ಯಕ್ಷೆ ಎದ್ದು ನಿಂತರು. “ಕಣ್ಣಾರೆ ನೋಡಿದೀವಿ ಅಂದ್ರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂತಾನೆ! ಒಂದು ಕೋಟಿಗೇ ಇಷ್ಟು ಸುಳ್ಳು. ನಾನೂರು ಮಕ್ಕಳ ಬಟ್ಟೆ ಕೈಗೆ ಕೊಟ್ರೆ?”

“ಇಲ್ಲಮ್ಮಾ, ನಿಜವಾಗ್ಲೂ ಇಲ್ಲ. ಇವರನ್ನ ಕೇಳಿ!”

ಸಲೂನಿನವನಿಗೆ ಅರ್ಧ ಕ್ಷೌರದ ಗಿರಾಕಿ ಆಗಲೇ ನೆನಪಾದ. ಮುದುಕ ಇಸ್ತ್ರಿ ಪೆಟ್ಟಿಗೆಯನ್ನು ಊದತೊಡಗಿದ. ಸಾಕ್ಷಿಗೆ ನಿಂತದ್ದು ಗುಂಡಿ ಒಂದೇ. ಅದು ಒಲೆಯ ಬೂದಿ ಕೆದಕಿ ಏನನ್ನೋ ಕಚ್ಚಿಕೊಂಡು ರಸ್ತೆ ದಾಟಿ ಬಂತು. ಹೆಡ್‌ಮಾಸ್ಟರ ಬೂಟಿನ ಮೇಲೆ ಅದನ್ನಿಟ್ಟು ಬಾಲ ಆಡಿಸಿತು.

ಅಂಗೈಯಗಲದ ಕಾಲರಿನ ತುಂಡು. ಅಂಚು ಕರಿಕಾಗಿತ್ತು. ಮಧ್ಯೆ ಹಸಿರು ಗೆರೆ ಚೆನ್ನಾಗಿಯೇ ಕಾಣುತ್ತಿತ್ತು.

ಹೆಡ್‌ಮಾಸ್ಟರು ಅದನ್ನು ಎತ್ತಿ ತಮ್ಮ ತೋಳಿಗೆ ಹಿಡಿದು ನೋಡಿದರು. “ಸುಟ್ಟುಬಿಟ್ರಾ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಚೆನ್ನಾಗಿತ್ತು. “ಇಷ್ಟು ಚೆನ್ನಾಗಿ ಹೊಲಿದದ್ದನ್ನ?”

“ಸುಳ್ಳಾಡೋನಿಗಾದ್ರೂ ಕೊಡಬಹುದಿತ್ತು ಮೇಷ್ಟ್ರೇ,” ಎಂದರು ಅಧ್ಯಕ್ಷೆ ತಮ್ಮ ನಾಯಿಯನ್ನು ಶಾಲಿನೊಳಗೆ ಸುತ್ತಿಕೊಂಡು. “ಹೊಲಿದ ಬಟ್ಟೆಗೆ ಬೆಂಕಿ ಹಾಕೋನ ಕೈಗೆ ಮಕ್ಕಳ ಬಟ್ಟೆ ಹೇಗ್ರೀ ಕೊಡೋದು? ನಡೀರಿ, ಆ ಪಕ್ಕದ ಬೀದೀಲಿ ಒಂದು ಹೊಸ ಅಂಗಡಿ ಇದೆಯಂತಲ್ಲ.”

ಅವರು ಹೋದರು. ಬಿಸಿಲೂ ಬೀದಿಯಿಂದ ಸರಿದು ಹೋಯಿತು. ಟೈಲರ್ ಯಂತ್ರದ ಮುಂದೆ ಕೂತ. ಗುಂಡಿ ಬಂದು ಎಡಗಾಲಿನ ಮೇಲೆ ಮಲಗಿತು. ಆದರೆ ಬಿಸಿ ಏರಲಿಲ್ಲ. ನಾಯಿ ನಡುಗುತ್ತಿತ್ತು, ಅದರ ಜೊತೆ ಅವನ ಕಾಲೂ ನಡುಗುತ್ತಿತ್ತು, ಅವೆರಡರ ಜೊತೆ ಪೆಡಲೂ ಅಲುಗಾಡಿ ಯಂತ್ರ ತಾನಾಗಿಯೇ ಎರಡು ಹೊಲಿಗೆ ಹಾಕಿತು.

ಅವನು ಎದ್ದು ತನ್ನ ಸ್ವೆಟರ್ ಕಳಚಿದ. ಮುಂಗಾಲುಗಳನ್ನು ತೋಳಿನೊಳಗೆ ತೂರಿಸಿ, ಅಂಚನ್ನು ಬಾಲದವರೆಗೆ ಎಳೆದ. ನಾಯಿ ಒಮ್ಮೆ ಮೈ ಕೊಡವಿ, ಅಲ್ಲೇ ಸುರುಳಿಯಾಗಿ ಕಣ್ಣು ಮುಚ್ಚಿತು.

ಬಾಗಿಲು ತೆರೆದು ಹೆಂಡತಿ ಇಣುಕಿದಳು. ಅಂಗಿಯಲ್ಲಿ ನಡುಗುತ್ತಿದ್ದ ಗಂಡನನ್ನೂ ಸ್ವೆಟರಿನಲ್ಲಿ ಗೊರಕೆ ಹೊಡೆಯುತ್ತಿದ್ದ ನಾಯಿಯನ್ನೂ ನೋಡಿದಳು.

“ಅಳತೆ ಸರಿಯಾಗಿ ಆಯ್ತೇನ್ರೀ?”

“ಸರಿಯಾಗಿ ಆಯ್ತು ಕಣೇ.”

“ಮತ್ತೆ ನಿಮಗೆ?”

“ಒಂದು ಚೂರೂ ಉಳೀಲಿಲ್ಲ,” ಎಂದು ಟೈಲರ್ ಸೀನಿದ.