ದೋಣಿ ಎಳೆಯಲು ಜೀಪೋ, ಪಿಕಪ್ಪೋ?

ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವುದು ಮೂವತ್ತೈದು ವರ್ಷ ಟೀಚರ್ ಆಗಿದ್ದವರಿಗೆ ಕಷ್ಟದ ಕೆಲಸವೇನಲ್ಲ. ಜಿಯಾಗ್ರಫಿ ಟೀಚರ್ ರಜೆ ಹಾಕಿದ ದಿನ, ಇಂಗ್ಲಿಷ್ ಟೀಚರಾದ ನಾನು ಜ್ವಾಲಾಮುಖಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೇನೆ. ಒಬ್ಬ ಹುಡುಗಿಯೂ ಎದ್ದು ಪ್ರಶ್ನೆ ಕೇಳಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದೇ ಹಾಗೆ: ಬೆನ್ನು ನೇರ ಇರಬೇಕು, ಮಾತು ಸ್ಪಷ್ಟವಾಗಿರಬೇಕು, ಮುಖದಲ್ಲಿ ಡೌಟ್ ಕಾಣಬಾರದು. ಆ ಟ್ರೈನಿಂಗಿನ ಬಲದಿಂದಲೇ ಕಳೆದ ಮಳೆಗಾಲದ ಆರಂಭದಲ್ಲಿ ನಾನು ಟೋಯಿಂಗ್ ಎಂಬ ವಿಷಯಕ್ಕೆ ಜಡ್ಜ್ ಆಗಿ ಕುಳಿತದ್ದು.

ಎಳೆಯಬೇಕಾಗಿದ್ದದ್ದು ನನ್ನ ಗಂಡ ಆಲ್ಬರ್ಟರ ದೋಣಿ. ಅವರು ಇದ್ದಾಗ ಭಾನುವಾರ ಚರ್ಚಿನ ಪೂಜೆ ಮುಗಿಸಿ ಅದರಲ್ಲಿ ಗಾಳ ಹಾಕಲು ಹೋಗುತ್ತಿದ್ದರು. ಎರಡು ಮೀನು ಮತ್ತು ಸುಟ್ಟ ಮೂಗಿನೊಂದಿಗೆ ಹಿಂದೆ ಬರುತ್ತಿದ್ದರು. ಅವರು ಹೋದ ಮೇಲೆ ಎಂಟು ವರ್ಷ ಅದು ಉರ್ವದ ನಮ್ಮ ಮನೆಯ ಹಿತ್ತಲಲ್ಲಿ, ಎರಡು ಚಕ್ರದ ಟ್ರೇಲರಿನ ಮೇಲೆ ಕುಳಿತಿತ್ತು. ಬೆಕ್ಕು ಅದರಲ್ಲಿ ನಾಲ್ಕು ಸಲ ಮರಿ ಹಾಕಿದೆ. ಹೀಗಿರುವಾಗ ನಮಗೆ ಮೀನು ತಂದುಕೊಡುವ ಹೊಳೆಯಾಚೆ ಬೆಂಗ್ರೆಯ ಇಬ್ರಾಹಿಮನ ದೋಣಿ ಕಲ್ಲಿಗೆ ಬಡಿದು ಸೀಳಿಹೋಯಿತು. ಮಳೆಗಾಲದಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗಲೇ ಹೊಳೆಯ ಮೀನಿಗೆ ಬೆಲೆ. ಅದೇ ಹೊತ್ತಿಗೆ ಇವನಿಗೆ ದೋಣಿ ಇಲ್ಲ. ಇನ್ನೊಬ್ಬರ ದೋಣಿಯಲ್ಲಿ ಬಲೆ ಎಳೆಯುವ ಕೆಲಸಕ್ಕೆ ಶನಿವಾರ ಮಧ್ಯಾಹ್ನದೊಳಗೆ ಹ್ಞೂಂ ಅನ್ನಬೇಕಿತ್ತಂತೆ. ಹ್ಞೂಂ ಅಂದರೆ ಇಡೀ ಸೀಸನ್ ಅವರ ಕೈಕೆಳಗೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡದೆ ಬುಟ್ಟಿಯ ಬಂಗುಡೆಯನ್ನು ನೋಡುತ್ತಿದ್ದ. ನಮ್ಮ ದೋಣಿ ತೆಗೆದುಕೊಂಡು ಹೋಗು, ಶನಿವಾರ ಬೆಳಿಗ್ಗೆ ಹೊಳೆಗೆ ಇಳಿಸೋಣ ಎಂದೆ.

ಹೊಳೆ ದೂರವಿಲ್ಲ. ಆದರೆ ನಮ್ಮ ಮನೆ ರಸ್ತೆಯಿಂದ ಕೆಳಗೆ ತಗ್ಗಿನಲ್ಲಿದೆ. ಗೇಟಿನವರೆಗೆ ಪಾಚಿ ಹಿಡಿದ ಏರು. ಅದನ್ನು ಹತ್ತಿಸಲು ಇಬ್ಬರು ಮುಂದೆ ಬಂದರು. ಒಬ್ಬ ನನ್ನ ಮೈದುನ ಡೆನಿಸ್. ಗಲ್ಫಿನಿಂದ ಬಂದವನೇ ಫೋರ್ ವೀಲ್ ಡ್ರೈವ್ ಜೀಪು ತೆಗೆದುಕೊಂಡಿದ್ದಾನೆ. ಗುಡ್ಡ, ಕಾಡು, ಮರಳು ಎಲ್ಲ ಹತ್ತುವ ಆ ವಾಹನ ಇಷ್ಟರವರೆಗೆ ಹತ್ತಿದ್ದು ಕದ್ರಿ ಗುಡ್ಡವನ್ನು ಮಾತ್ರ, ಅದೂ ಬ್ರೆಡ್ಡು ತರಲು. ಇನ್ನೊಬ್ಬರು ಪಕ್ಕದ ಮನೆಯ ರಜಾಕ್, ಹಾರ್ಡ್‌ವೇರ್ ಅಂಗಡಿಯವರು. ಅವರದು ಪಿಕಪ್. ಇಬ್ಬರೂ ಒಂದು ವಾರ ನನ್ನ ಜಗಲಿಯಲ್ಲಿ ಕುಳಿತು ವಾದ ಮಾಡಿದರು. ಜೀಪಿನ ನಾಲ್ಕೂ ಚಕ್ರ ನೆಲ ಕಚ್ಚುತ್ತದೆ, ಲೋ ಗೇರಿನಲ್ಲಿ ಆನೆಯನ್ನೂ ಎಳೆಯುತ್ತದೆ ಎಂದು ಡೆನಿಸ್. ಜೀಪು ಗಿಡ್ಡ, ಹಿಂದಿನ ಟ್ರೇಲರು ಅದನ್ನೇ ಅಲ್ಲಾಡಿಸಿಬಿಡುತ್ತದೆ; ಪಿಕಪ್ ಉದ್ದ, ಭಾರ ಹೊತ್ತು ಅಭ್ಯಾಸ ಉಂಟು ಎಂದು ರಜಾಕ್. ಹಿಂದೆ ಖಾಲಿ ಇದ್ದರೆ ನಿಮ್ಮ ಪಿಕಪ್ಪಿನ ಚಕ್ರ ಗಾಳಿಯಲ್ಲೇ ತಿರುಗುತ್ತದಲ್ಲ ಎಂದು ಮತ್ತೆ ಡೆನಿಸ್. ನಾನು ಬೆನ್ನು ನೇರ ಮಾಡಿಕೊಂಡು ಎರಡೂ ಕಡೆಗೆ ತಲೆಯಾಡಿಸಿದೆ. ಕೊನೆಗೆ ದೋಣಿ ನಮ್ಮ ಕುಟುಂಬದ್ದು, ಆದ್ದರಿಂದ ಮೊದಲು ಜೀಪು ಎಂದು ರೂಲಿಂಗ್ ಕೊಟ್ಟೆ.

ಈಗ ನಡುವೆ ಒಂದು ಸಣ್ಣ ವಿಷಯ. ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಹಾಗಿರುವಾಗ ಹದಿನಾರು ಅಡಿಯ ದೋಣಿಯನ್ನು ಒಬ್ಬರ ಮನೆಗೆ ಖಾಲಿ ಕಳಿಸುವುದುಂಟೇ? ಕಾಯಿ ಕೀಳಲು ಬಂದ ಬಾಬುವಿನ ಕೈಯಲ್ಲಿ ಎರಡು ಗೋಣಿ ತೆಂಗಿನಕಾಯಿ, ಒಂದು ಮೂಟೆ ಕುಚ್ಚಲಕ್ಕಿ, ನಾಲ್ಕು ಹಲಸಿನಹಣ್ಣು ಹಾಕಿಸಿದೆ. ಮೇಲೆ ನಮ್ಮ ಹಳೆಯ ಕಡೆಯುವ ಕಲ್ಲು. ಇಬ್ರಾಹಿಮನ ಹೆಂಡತಿ ಒಮ್ಮೆ ಬಂದವಳು, ಮಿಕ್ಸಿಯ ಮಸಾಲೆಗೆ ರುಚಿಯೇ ಇಲ್ಲ ಎಂದು ಅದನ್ನು ಸವರಿ ಹೋಗಿದ್ದಳು. ದೋಣಿಯ ಬಾಲ ಅಡಿಗೆಮನೆಯ ಬಾಗಿಲ ಕಡೆಗಿತ್ತು, ಆದ್ದರಿಂದ ಎಲ್ಲವೂ ಬಾಲದಲ್ಲೇ ಕುಳಿತಿತು. ಕೊಟ್ಟದ್ದನ್ನು ಊರಿಗೆ ತೋರಿಸುವುದು ಬ್ಯಾಡ್ ಮ್ಯಾನರ್ಸ್ ಎಂದು ಮೇಲೆ ಟರ್ಪಾಲು ಹೊದಿಸಿದೆ.

ಶನಿವಾರ ಬೆಳಿಗ್ಗೆ ಡೆನಿಸ್ ಟ್ರೇಲರಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ಕೊಂಡಿಗೆ ಸಿಕ್ಕಿಸಿದ. ಅಣ್ಣನ ದೋಣಿ ಹೂವಿನ ಹಾಗೆ ಉಂಟು ಎಂದು ಅವನಿಗೆ ಹೆಮ್ಮೆ. ಜೀಪು ಗರ್ಜಿಸಿತು, ಅರ್ಧ ಏರು ಹತ್ತಿತು. ಆಮೇಲೆ ಹಿಂಭಾಗವನ್ನು ಯಾರೋ ಎತ್ತಿ ಹಿಡಿದ ಹಾಗೆ ಅದರ ಚಕ್ರಗಳು ಪಾಚಿಯ ಮೇಲೆ ಸುಮ್ಮನೆ ತಿರುಗತೊಡಗಿದವು. ಕ್ಲಚ್ ಸುಟ್ಟ ವಾಸನೆ ನನ್ನ ಮಲ್ಲಿಗೆ ಗಿಡದವರೆಗೂ ಬಂತು. ರಜಾಕ್ ನಗಲಿಲ್ಲ, ನಗದಿರುವುದನ್ನು ಎಲ್ಲರಿಗೂ ಕಾಣುವ ಹಾಗೆ ಮಾಡಿದರು. "ಪೊರ್ಬುಲೇ, ಬ್ರೆಡ್ಡು ಆದ್ರೆ ಎಳೀತಿತ್ತು," ಎಂದು, ಊರಲ್ಲಿ ನಮ್ಮ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಡೆನಿಸನನ್ನು ಕರೆದು, ಪಿಕಪ್ ಜೋಡಿಸಿದರು. ಅದು ಕಾಲು ಏರಿಗೇ ನಿಂತಿತು. ಜೀಪು ಪಾಚಿ ಉಜ್ಜಿ ನುಣ್ಣಗೆ ಮಾಡಿಟ್ಟದ್ದೇ ಕಾರಣವಂತೆ. "ಸಾಹೇಬ್ರೇ, ಅರ್ಧಕ್ಕಿಂತ ಕಾಲು ಸಣ್ಣದು, ಅಷ್ಟು ಲೆಕ್ಕ ನಂಗೂ ಗೊತ್ತುಂಟು," ಎಂದ ಡೆನಿಸ್. ಗಂಟೆ ಹನ್ನೊಂದು ಹೊಡೆಯಿತು. ಇಬ್ಬರೂ ಮುಂದಿನ ಜಗಲಿಗೆ ಹೋಗಿ ಚಹಾ ಕುಡಿಯುತ್ತಾ ಟೈರಿನ ಬಗ್ಗೆ ಜಗಳ ಮುಂದುವರಿಸಿದರು.

ಅಷ್ಟು ಹೊತ್ತಿಗೆ ಇಬ್ರಾಹಿಂ ಇಬ್ಬರು ಸಂಗಡಿಗರೊಂದಿಗೆ ಫೆರ್ರಿ ಇಳಿದು ಬಂದ. ದೋಣಿಯ ಸುತ್ತ ಒಂದು ಸುತ್ತು ಬಂದು ಟರ್ಪಾಲು ಎತ್ತಿ ನೋಡಿದ. ತುಂಬ ಹೊತ್ತು ನೋಡಿದ.

"ಬಾಯಮ್ಮ, ಈ ಕಲ್ಲು ಎಂತಕ್ಕೆ?" ಎಂದು ನನ್ನನ್ನು ಕೇಳಿದ.

"ನಿನ್ನ ಹೆಂಡತಿಗೆ."

"ಹಿಂದೆ ಇಷ್ಟು ಭಾರ ಆದ್ರೆ ಮುಂದಿನ ಮೂತಿ ಮೇಲೆ ಏಳ್ತದೆ. ಎಳೆಯುವ ಗಾಡಿಯ ಕುಂಡೆಯನ್ನೂ ಎತ್ತಿಬಿಡ್ತದೆ. ಜೀಪಾದ್ರೂ ಅಷ್ಟೇ, ಲಾರಿಯಾದ್ರೂ ಅಷ್ಟೇ." ಜಗಲಿಯ ಕಡೆ ನೋಡಿ ಸ್ವರ ತಗ್ಗಿಸಿದ. "ಅವರಿಗೆ ಗೊತ್ತುಂಟಾ?"

ನಾನು ಮಲ್ಲಿಗೆ ಗಿಡವನ್ನು ನೋಡಿದೆ. ಅವನು ಸಂಗಡಿಗರನ್ನು ಕರೆದ. ಮೂವರೂ ಸೇರಿ ಸಾಮಾನನ್ನೆಲ್ಲ ಇಳಿಸಿ ಪಿಕಪ್ಪಿನ ಹಿಂದೆ ತುಂಬಿದರು. ರಜಾಕ್ ಬಂದು, ಬಾಯಮ್ಮ ಕೊಟ್ಟದ್ದಾ, ಇರಲಿ ಇರಲಿ ಎಂದು ಗಾಡಿ ಸ್ಟಾರ್ಟ್ ಮಾಡಿದರು. ಕಡೆಯುವ ಕಲ್ಲಿನ ಭಾರಕ್ಕೆ ಹಿಂದಿನ ಚಕ್ರಗಳು ನೆಲ ಕಚ್ಚಿದವು. ಪಿಕಪ್ ಒಂದೇ ಉಸಿರಿಗೆ ಗೇಟು ದಾಟಿತು. ಹನ್ನೆರಡಕ್ಕೆ ಮೊದಲೇ ದೋಣಿ ನೀರಿನಲ್ಲಿತ್ತು. ಇಬ್ರಾಹಿಂ ಅದರಲ್ಲಿ ನಿಂತೇ ಫೋನ್ ಮಾಡಿ ಇನ್ನೊಬ್ಬರ ಕೆಲಸ ಬೇಡವೆಂದ. ಎಂಟು ವರ್ಷದ ಮೇಲೆ ಅದು ಅಲ್ಲಾಡುವುದನ್ನು ನಾನು ದಡದಲ್ಲಿ ನಿಂತು ನೋಡಿದೆ. ಆಲ್ಬರ್ಟ್ ಕೂರುತ್ತಿದ್ದ ಹಲಗೆಯ ಮೇಲೆ ಬಲೆ ಕುಳಿತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು.

ಹಿಂದೆ ಬಂದದ್ದು ಡೆನಿಸನ ಜೀಪಿನಲ್ಲಿ. ಮನೆ ಹತ್ತಿರ ಬಂದಾಗ ಅತ್ತಿಗೆಯಾದ ನನ್ನ ಕಡೆ ತಿರುಗಿ, "ವೊನಿ, ಅಣ್ಣನ ದೋಣಿಯನ್ನು ನನ್ನ ಗಾಡಿ ಎಳೀಲಿಲ್ಲ ನೋಡಿ," ಎಂದ. ಎಷ್ಟೋ ನೂರು ಹುಡುಗಿಯರನ್ನು ಕ್ಲಾಸಿನಲ್ಲಿ ನಿಲ್ಲಿಸಿ, ಓನ್ ಅಪ್, ಮಾಡಿದ ತಪ್ಪು ಒಪ್ಪಿಕೋ ಎಂದು ಹೇಳಿದವಳು ನಾನು. "ಪಾಚಿ ಜಾಸ್ತಿ ಇತ್ತು ಮಾರಾಯ," ಎಂದೆ.

ಮುಂದಿನ ಶನಿವಾರ ಕನ್ಫೆಷನ್‌ನಲ್ಲಿ ಎಲ್ಲ ಹೇಳಿದೆ. ಜಾಲರಿಯ ಆಚೆಯಿಂದ ನಮ್ಮ ಯುವ ಫಾದರ್ ಮೊದಲು, ಜೀಪು ಡೀಸೆಲ್ಲೋ ಪೆಟ್ರೋಲೋ ಎಂದು ಕೇಳಿದರು. ಅದೂ ಮುಗಿದ ಮೇಲೆ, ಮೈದುನನಿಗೆ ಸತ್ಯ ತಿಳಿಸಬೇಕು, ಅದೇ ನಿಮ್ಮ ಪ್ರಾಯಶ್ಚಿತ್ತ ಎಂದರು. ಬಾಯಲ್ಲಿ ಹೇಳಲು ಧೈರ್ಯ ಬಾರದಿದ್ದರೆ ಬರೆದಾದರೂ ತಿಳಿಸಿ ಎಂದರು. ಆದ್ದರಿಂದ ಇದನ್ನೆಲ್ಲ ಒಂದನ್ನೂ ಬಿಡದೆ ಬರೆದಿದ್ದೇನೆ. ಡೆನಿಸ್ ಬೊಂಬಾಯಿಯಲ್ಲಿ ಓದಿದವನು; ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುವುದೇ ಅವನಿಗೆ ಕಷ್ಟ. ಯಾವ ಭಾಷೆಯಲ್ಲಿ ಬರೆಯಬೇಕೆಂದು ಫಾದರ್ ಹೇಳಲಿಲ್ಲ, ನಾನೂ ಕೇಳಲಿಲ್ಲ.